ಪದವಿ ಬಂದ ಮೇಲೆ ಪರೀಕ್ಷೆ

ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ನವೀನ್ ಗ್ಯಾನಗೌಡರ 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದಾಗ ನಾಲ್ಕನೇ ವರ್ಷದ ವೈದ್ಯ ವಿದ್ಯಾರ್ಥಿ. ಪಿಯುಸಿಯಲ್ಲಿ ಶೇ 97 ಅಂಕ ಬಂದರೂ ಮಗನಿಗೆ ಇಲ್ಲಿ ಸೀಟು ಸಿಗಲಿಲ್ಲ ಎಂದು ತಂದೆ ಹೇಳಿದ್ದನ್ನು ನಾಡೆಲ್ಲ ಕೇಳಿತು. ಸೀಟು, ಶುಲ್ಕಗಳ ಬಗ್ಗೆ ಬಿಸಿ ಚರ್ಚೆಯಾಯಿತು. ವಿದೇಶಿ ಕಾಲೇಜಿನ ಪದವಿಗೆ ನಾವು ಮಾನ್ಯತೆ ಕೊಡುವ ಕ್ರಮ ಮಾತ್ರ ಬದಿಗೇ ಉಳಿಯಿತು.

ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮ ಕೇಳುವುದು 54 ತಿಂಗಳ ಓದು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಇಂಗ್ಲಿಷ್ ಮಾಧ್ಯಮ, ಓದಿದ ದೇಶದಲ್ಲೂ ವೃತ್ತಿ ಮಾಡುವ ಅರ್ಹತೆ. ಕೊನೆಯ ಷರತ್ತು ನಿಜಕ್ಕೂ ಒಳ್ಳೆಯದು. ಆದರೆ ಪಾಠ ಇಂಗ್ಲಿಷಿನಲ್ಲಿ ನಡೆದರೂ ವಾರ್ಡಿನ ರೋಗಿ ನರಳುವುದು ತನ್ನ ಭಾಷೆಯಲ್ಲಿ. ಆ ಮಾತು ತಿಳಿಯದ ಹುಡುಗ ರೋಗಿಯಿಂದ ಏನು ಕಲಿತ? ಇದನ್ನು ನಿಯಮ ಕೇಳುವುದೇ ಇಲ್ಲ. ಷರತ್ತಿಗೆ ಹೊಂದುವ ಕಾಲೇಜು ಯಾವುದೆಂದು ಹುಡುಕುವ ಹೊಣೆಯೂ ಮನೆಯವರದೇ. ಅವರಿಗೆ ಸಿಗುವುದು ಏಜೆಂಟರ ಮಾತು.

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ಬಣ್ಣ, ತೇವ ನೋಡದೆ ಯಾರೂ ದರ ಬರೆಯುವುದಿಲ್ಲ. ವಿದೇಶದಲ್ಲಿ ವೈದ್ಯಕೀಯ ಓದಿ ಬಂದವರಿಗೆ ಮಾತ್ರ ಹಣವೂ ಆರು ವರ್ಷವೂ ಮುಗಿದ ಮೇಲೆ 300 ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ. ಅರ್ಧದಷ್ಟು ಅಂಕ ಸಾಕು, ಆದರೂ ಬಹುಪಾಲು ಮಂದಿ ನಪಾಸು. ಇದರ ಕಳಂಕ ಪಾಸಾಗಿ ಬಂದವರಿಗೂ ತಟ್ಟುತ್ತದೆ: ‘ಫಾರಿನ್ ಡಾಕ್ಟರ್’ ಎಂದರೆ ರೋಗಿಗಳಿಗೆ ಅನುಮಾನ.

ದಂತ ವೈದ್ಯಕೀಯದಲ್ಲಿ ಕೈಕಸುಬಿನ ಪಾಲು ಇನ್ನೂ ದೊಡ್ಡದು. ರೂಟ್ ಕೆನಾಲ್ ಮಾಡಬಲ್ಲ ಕೈ ಯಾವುದೆಂದು ಬಹು ಆಯ್ಕೆ ಪ್ರಶ್ನೆ ಹೇಳಲಾರದು. 1948ರ ದಂತವೈದ್ಯರ ಕಾಯ್ದೆ ಮಾನ್ಯ ವಿದೇಶಿ ಪದವಿಗಳನ್ನು ಅನುಸೂಚಿಯಲ್ಲಿ ಪಟ್ಟಿ ಮಾಡಿತ್ತು. ಅದರ ಜಾಗಕ್ಕೆಂದು ರೂಪಿಸಿದ 2023ರ ರಾಷ್ಟ್ರೀಯ ದಂತ ಆಯೋಗ ಕಾಯ್ದೆ ಎಲ್ಲರನ್ನೂ ಒಂದು ನಿರ್ಗಮನ ಪರೀಕ್ಷೆಯತ್ತ ಕರೆಯುತ್ತದೆ. ದಾವಣಗೆರೆಯಲ್ಲೋ ಧಾರವಾಡದಲ್ಲೋ ಬಿಡಿಎಸ್ ಮುಗಿಸಿದವರು ಅಮೆರಿಕಕ್ಕೆ ಹೋದರೆ, ಸಾಮಾನ್ಯವಾಗಿ ಅಲ್ಲಿನ ಮಾನ್ಯ ಕಾಲೇಜಿನಲ್ಲಿ ಮತ್ತೆ ಎರಡು ಮೂರು ವರ್ಷ ರೋಗಿಗಳ ನಡುವೆ ಕೆಲಸ ಮಾಡಬೇಕು. ಅದು ವಿಪರೀತ ದುಬಾರಿ, ನಮಗೆ ಒಗ್ಗದು. ಆದರೂ ಕೈಯನ್ನು ಕಣ್ಣಾರೆ ನೋಡಿ ಒಪ್ಪುವ ಆ ತತ್ವ ನಮಗೂ ಬೇಕು.

ನವೀನ್ ಅವರ ಜಿಲ್ಲೆ ಹಾವೇರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಹೊರಗೆ ಹೋಗುವುದು ಅದರಿಂದ ನಿಲ್ಲದು. ಯಾವ ವಿದೇಶಿ ಕಾಲೇಜಿನ ಎಷ್ಟು ಮಂದಿ ಪಾಸಾದರೆಂಬ ವಿವರವನ್ನು ಆ 300 ಪ್ರಶ್ನೆಗಳ ಪರೀಕ್ಷೆ ನಡೆಸುವ ಮಂಡಳಿ ಹಿಂದೆ ಪ್ರಕಟಿಸಿದ್ದುಂಟು. ಆ ಪಟ್ಟಿ ಪ್ರತಿ ವರ್ಷ, ಪ್ರವೇಶಕ್ಕೆ ಮುನ್ನ, ಕನ್ನಡದಲ್ಲಿ ಪಿಯು ಕಾಲೇಜುಗಳ ಸೂಚನಾ ಫಲಕಕ್ಕೆ ಬರಬೇಕು.