ಶರಣ ಸತಿಯಾದಾಗ

ವಚನಗಳ ಕುರಿತ ವಿಚಾರಸಂಕಿರಣಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ‘ಶರಣ ಸತಿ, ಲಿಂಗ ಪತಿ’ ಎಂಬ ಭಾವ ಗಂಡು-ಹೆಣ್ಣಿನ ಭೇದವನ್ನೇ ಅಳಿಸಿಹಾಕಿತು ಎಂಬುದು. ಎಂ.ಎ. ಪರೀಕ್ಷೆಯಲ್ಲಿ ನಾನೂ ಇದನ್ನೇ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಈಗ ಸಂಶೋಧನೆಗೆಂದು ಅದೇ ವಚನಗಳಿಗೆ ಮರಳಿದಾಗ ಆ ಉತ್ತರ ನನಗೇ ಒಪ್ಪಿಗೆಯಾಗುತ್ತಿಲ್ಲ.

ಉರಿಲಿಂಗದೇವ, ಗಜೇಶ ಮಸಣಯ್ಯ ಈ ಭಾವಕ್ಕೆ ಹೆಸರಾದ ವಚನಕಾರರು. ಅವರ ಎಷ್ಟೋ ವಚನಗಳಲ್ಲಿ ಮಾತಾಡುವವಳು ಹೆಣ್ಣು. ನಲ್ಲನಿಗಾಗಿ ಕಾಯುತ್ತಾಳೆ, ಕೆಳದಿಯೊಡನೆ ವಿರಹ ತೋಡಿಕೊಳ್ಳುತ್ತಾಳೆ, ಕೂಟದ ಸುಖದಲ್ಲಿ ಮೈಮರೆಯುತ್ತಾಳೆ. ಗಂಡಸೊಬ್ಬ ತನ್ನ ಹಮ್ಮು ಕಳಚಿಟ್ಟು ಹೀಗೆ ಮಾತಾಡುವುದು 12ನೇ ಶತಮಾನದಲ್ಲಿ ಸಣ್ಣ ಸಂಗತಿಯಲ್ಲ, ಇವತ್ತಿಗೂ ಅಲ್ಲ. ಆದರೆ ಇಲ್ಲಿ ಹೆಣ್ಣು ಎಂದರೆ ಏನು? ಕಾಯುವವಳು, ತನ್ನನ್ನು ಒಪ್ಪಿಸಿಕೊಳ್ಳುವವಳು, ಒಬ್ಬನಿಗೇ ಮೀಸಲಾದವಳು. ಗಂಡು ಎಂದರೆ ಬರುವವನು, ಒಲಿಯುವವನು, ಒಡೆಯ. ಮನೆಯೊಳಗಿನ ಏರ್ಪಾಡೇ ಅಂಗೈಯ ಇಷ್ಟಲಿಂಗದವರೆಗೂ ನಡೆದು ಬಂದಿದೆ. ಪಾತ್ರಧಾರಿ ಬದಲಾದ, ಪಾತ್ರ ಬದಲಾಗಲಿಲ್ಲ.

ಮಸಣಯ್ಯನ ಹೆಂಡತಿಯೂ ವಚನಕಾರ್ತಿ. ವಚನ ಸಂಪುಟದಲ್ಲಿ ಆಕೆಯನ್ನು ಹುಡುಕಬೇಕಾದರೆ ‘ಗಜೇಶ ಮಸಣಯ್ಯಗಳ ಪುಣ್ಯಸ್ತ್ರೀ’ ಎಂದೇ ಹುಡುಕಬೇಕು. ಅಂಕಿತದಲ್ಲೂ ಗಂಡನ ಹೆಸರು ಸೇರಿದೆ. ವಚನದೊಳಗೆ ಸತಿಯಾದವನಿಗೆ ಸ್ವಂತ ಹೆಸರಿದೆ, ಮನೆಯ ಸತಿಗೆ ಇಲ್ಲ. (ಇದರಲ್ಲಿ ಓಲೆಗರಿಗಳನ್ನು ಪ್ರತಿಮಾಡಿದವರ, ಸಂಕಲಿಸಿದವರ ಪಾಲೂ ಇದ್ದೀತು; ಎಲ್ಲವನ್ನೂ ಮಸಣಯ್ಯನ ತಲೆಗೆ ಕಟ್ಟುವುದು ಬೇಡ.)

ಅಕ್ಕಮಹಾದೇವಿಯ ಬಳಿ ಬಂದಾಗ ಇದೇ ಭಾವದ ತೂಕ ಬೇರೆಯಾಗುತ್ತದೆ. ಗಂಡಸರಿಗೆ ಸತಿತನ ಒಂದು ರೂಪಕ. ವಚನ ಮುಗಿದ ಮೇಲೆ ಮನೆಯಲ್ಲಿ ಗಂಡನಾಗಿಯೇ ಇರಬಹುದು. ಅಕ್ಕನಿಗೆ ಆ ಅನುಕೂಲವಿಲ್ಲ. ಚೆನ್ನಮಲ್ಲಿಕಾರ್ಜುನನೇ ಗಂಡ ಎಂದ ಮೇಲೆ ಅದನ್ನು ಬದುಕಿಯೇ ತೋರಿಸಬೇಕಾಯಿತು. ಒಬ್ಬನಿಗೇ ಮೀಸಲು ಎಂಬ ಪತಿವ್ರತೆಯ ನಿಯಮವನ್ನು ಹಿಡಿದುಕೊಂಡೇ ಲೋಕದ ಗಂಡಂದಿರನ್ನು ನಿರಾಕರಿಸಿದಳು. ಹೆಣ್ಣನ್ನು ಕಟ್ಟಿಹಾಕಲು ಮಾಡಿದ ಹಗ್ಗ ಹಿಡಿದೇ ಗೋಡೆ ಹಾರಿದಂತೆ.

ಪರಂಪರೆಗೆ ಇದು ಅಷ್ಟು ಸುಲಭವಾಗಿ ಜೀರ್ಣವಾಗಲಿಲ್ಲ. ಹರಿಹರನ ರಗಳೆಯಲ್ಲಿ ಆಕೆ ಷರತ್ತು ಹಾಕಿ ಕೌಶಿಕನನ್ನು ಮದುವೆಯಾಗುತ್ತಾಳೆ, ಷರತ್ತು ಮುರಿದಾಗ ಬಿಟ್ಟು ಹೊರಡುತ್ತಾಳೆ. 15ನೇ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಮದುವೆಯೇ ಇಲ್ಲ. ಮದುವೆ ಆಯಿತೋ ಇಲ್ಲವೋ ಎಂದು ನಮ್ಮ ವಿದ್ವಾಂಸರು ಆಮೇಲೂ ಪುಟಗಟ್ಟಲೆ ವಾದಿಸಿದರು. ಬಸವಣ್ಣನಿಗೆ ಇಬ್ಬರು ಹೆಂಡಿರು. ಅದು ಆತನ ಸತಿಭಾವಕ್ಕೆ ಕುಂದು ತಂದಿತೇ ಎಂದು ಕೇಳಿದ ಒಂದು ಲೇಖನವೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಶೂನ್ಯಸಂಪಾದನೆಯ ಆ ಪ್ರಸಿದ್ಧ ಪ್ರಸಂಗವನ್ನೇ ನೋಡಿ. ಅದು ಅಕ್ಕ ಬದುಕಿದ ಮೂರು ಶತಮಾನಗಳ ನಂತರ ಗಂಡಸರು ಜೋಡಿಸಿದ ಸಂವಾದ. ಅನುಭವ ಮಂಟಪಕ್ಕೆ ಬಂದವಳನ್ನು ಅಲ್ಲಮ ಮೊದಲು ಕೇಳುವುದೇ ಗಂಡ ಯಾರೆಂದು. ಆಮೇಲೆ, ಸೀರೆ ಬಿಟ್ಟವಳು ಕೂದಲಿನಿಂದ ಮೈ ಮರೆಮಾಡಿದ್ದೇಕೆ ಎಂದು. ನಿಮಗೆ ನೋವಾಗದಿರಲೆಂದು ಮುಚ್ಚಿದ್ದೇನೆ ಎಂಬ ಅರ್ಥದ ಉತ್ತರ ಅಕ್ಕನದು. ತರಗತಿಯಲ್ಲಿ ನಮಗೆ ಇದನ್ನು ವೈರಾಗ್ಯದ ಗುರುತೆಂದು ಪಾಠ ಮಾಡಿದರು. ನನಗೀಗ ಅದು ಎದುರು ಕುಳಿತವರ ಬಗ್ಗೆ ಆಡಿದ ಮಾತಾಗಿ ಕೇಳಿಸುತ್ತದೆ. ತಮ್ಮನ್ನು ಸತಿ ಎಂದುಕೊಂಡವರ ಸಭೆ ಅದು. ಹೆಣ್ಣಿನ ಮೈ ಎದುರಾದಾಗ ಅಲ್ಲಿಯ ಕಣ್ಣು ಯಾರ ಕಣ್ಣಾಗುತ್ತದೆ ಎಂಬುದು ಆಕೆಗೆ ಗೊತ್ತಿತ್ತು.