ಚಕ್ಕೀನಾಮಾ ಮತ್ತು ಬೀಸುವವಳ ದನಿ

ಪಾಶ್ಚಾತ್ಯ ವಿದ್ವಾಂಸರು ಇಸ್ಲಾಮಿನೊಡನೆ ನಡೆಸಿದ ಸಂವಾದದಲ್ಲಿ ಕನ್ನಡ ನಾಡಿಗೆ ಅತಿ ಸಮೀಪವಾದ ಕೃತಿ, ಅಮೆರಿಕದ ರಿಚರ್ಡ್ ಈಟನ್ ಅವರು ೧೯೭೮ರಲ್ಲಿ ಪ್ರಕಟಿಸಿದ ‘ಬಿಜಾಪುರದ ಸೂಫಿಗಳು’ ಎಂಬ ಇಂಗ್ಲಿಷ್ ಗ್ರಂಥ. ಸೂಫಿಯೆಂದರೆ ಸದಾ ಶಾಂತಿದೂತನೆಂಬ ಸುಲಭದ ನಂಬಿಕೆಯನ್ನು ಅದು ಒಪ್ಪುವುದಿಲ್ಲ. ಇನಾಮು ಭೂಮಿಯನ್ನುಂಡವರೂ ಎಲ್ಲವನ್ನೂ ತೊರೆದ ದರವೇಶಿಗಳೂ ಅಲ್ಲಿದ್ದಾರೆ. ಈ ನಿಷ್ಠುರತೆ ಮೆಚ್ಚತಕ್ಕದ್ದು.

ಗ್ರಂಥದ ಜೀವಾಳವೆಂದರೆ ಚಕ್ಕೀನಾಮಾಗಳ ವಿವೇಚನೆ. ಬೀಸುವ ಹೆಂಗಸರಿಗೆಂದು ಸೂಫಿಗಳು ದಖನಿಯಲ್ಲಿ ಕಟ್ಟಿದ ಈ ಹಾಡುಗಳಲ್ಲಿ ಕಲ್ಲಿನ ಹಿಡಿಗೂಟವು ಅಲ್ಲಾಹನ ಹೆಸರಿನ ಮೊದಲಕ್ಷರವಾಗುತ್ತದೆ, ದುಡಿಮೆ ನಾಮಸ್ಮರಣೆಯಾಗುತ್ತದೆ. ಸೂಫಿಭಾವ ಜನಸಾಮಾನ್ಯರ ಮನೆಯೊಳಗೆ ಹೊಕ್ಕದ್ದು ಹೀಗೆ ಎಂಬುದು ಈಟನ್ನರ ವಾದ. ಕಾಯಕತತ್ತ್ವವನ್ನು ಬಲ್ಲ ಓದುಗನಿಗೆ, ಇದರಲ್ಲಿ ಹೊಸದೇನು ಎನಿಸಬಹುದು. ಹೋಲಿಕೆಗೆ ಅವಸರ ಸಲ್ಲದು. ಕೊಟ್ಟಣದ ಸೋಮವ್ವೆ ಭತ್ತ ಕುಟ್ಟಿ ಬದುಕಿದವಳು. ವಚನವನ್ನೂ ತಾನೇ ನುಡಿದವಳು. ಚಕ್ಕೀನಾಮಾದಲ್ಲಾದರೋ ಬೀಸುವವಳು ಬೇರೆ, ಬಹುಮಟ್ಟಿಗೆ ಕಟ್ಟಿದವನು ಬೇರೆ. ಈ ಅಂತರವನ್ನು ಈಟನ್ನರ ವಾದ ಇನ್ನಷ್ಟು ತೂಗಬೇಕಿತ್ತು.

ಅವರ ಆಧಾರ ದಖನಿ, ಪಾರಸಿ ಬರಹಗಳು. ಶಹಾಬಾದು, ಚಿತ್ತಾಪುರಗಳಿಂದ ಸೇಡಂ, ಚಿಂಚೋಳಿಯವರೆಗಿನ ಹಳ್ಳಿಗಳಲ್ಲಿ ಹಿಟ್ಟಿನ ಗಿರಣಿ ಬರುವ ತನಕ ಹೆಣ್ಣುಮಕ್ಕಳು ಬೀಸುತ್ತ ಹಾಡಿದ ಕನ್ನಡ ಪದಗಳು ಹಸ್ತಪ್ರತಿಗೆ ಏರಿದವುಗಳಲ್ಲ. ಕಡಕೋಳ ಮಡಿವಾಳಪ್ಪನವರ ಶಿಷ್ಯ ಚನ್ನೂರು ಜಲಾಲಸಾಹೇಬರ ತತ್ವಪದಗಳೋ, ೧೭೦೦ಕ್ಕೆ ನಿಲ್ಲುವ ಗ್ರಂಥದ ಎಲ್ಲೆಯಿಂದಾಚೆಯವು. ಅದಕ್ಕಾಗಿ ಗ್ರಂಥಕಾರರನ್ನು ದೂರಲಾಗದು. ಬೀಸುವವಳ ಸ್ವಂತ ದನಿಯನ್ನು ಈ ಸಂವಾದಕ್ಕೆ ಸೇರಿಸುವ ಕೆಲಸ ಕಲಬುರಗಿ ಸೀಮೆಯ ಸಾಹಿತ್ಯ ವಿದ್ಯಾರ್ಥಿಗಳದು. ಆ ಪದಗಳನ್ನು ನೆನಪಿನಿಂದ ಹಾಡಬಲ್ಲ ಮುದುಕಿಯರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ.