ಕೋಟೆ ನೋಡುವಾಗ ನೀರು ಹುಡುಕಿ

ವಾಷಿಂಗ್ಟನ್ ಡಿಸಿಗೆ ಬಂದ ನೆಂಟರನ್ನೆಲ್ಲ ನಾವು ನ್ಯಾಷನಲ್ ಮಾಲ್‌ಗೆ ಕರೆದೊಯ್ಯುತ್ತೇವಲ್ಲ, ಅಲ್ಲಿ ಕೆಂಪು ಕಲ್ಲಿನ ಸ್ಮಿತ್‌ಸೋನಿಯನ್ ಕ್ಯಾಸಲ್ ಮುಂದೆ ಒಂದು ಫೋಟೊ ಗ್ಯಾರಂಟಿ. ಕಳೆದ ಸಲ ಎಂಟು ವರ್ಷದ ನನ್ನ ಮಗಳು ಅದರ ಗೋಪುರಗಳನ್ನು ನೋಡುತ್ತಾ ಕೇಳಿದಳು: "ಅಪ್ಪಾ, ಈ ಕೋಟೆಯವರು ನೀರಿಗೆ ಎಲ್ಲಿ ಹೋಗ್ತಿದ್ರು?"

ಇದು ಕೋಟೆಯೇ ಅಲ್ಲ ಕಂದಾ ಅಂದೆ. ಮಧ್ಯಯುಗದ ಯುರೋಪಿನ ವೇಷ ತೊಟ್ಟ ಈ ಕಟ್ಟಡ ಮುಗಿದದ್ದು 1855ರಲ್ಲಿ. ವಿನ್ಯಾಸ ಜೇಮ್ಸ್ ರೆನ್ವಿಕ್ ಅವರದು. ಸಂಸ್ಥೆಗೆ ಹಣ ಬಿಟ್ಟುಹೋದ ಜೇಮ್ಸ್ ಸ್ಮಿತ್‌ಸನ್ ಬದುಕಿದ್ದಾಗ ಅಮೆರಿಕಕ್ಕೆ ಕಾಲಿಟ್ಟವರೇ ಅಲ್ಲ. ಅಷ್ಟೊಂದು ದುಡ್ಡನ್ನು ಕಟ್ಟಡಕ್ಕೆ ಸುರಿಯುವುದು ಮೊದಲ ಕಾರ್ಯದರ್ಶಿ, ವಿಜ್ಞಾನಿ ಜೋಸೆಫ್ ಹೆನ್ರಿಗೆ ಇಷ್ಟವಿರಲಿಲ್ಲ. ಅದು ಸಂಶೋಧನೆಗೆ ಹೋಗಲಿ ಎಂಬುದು ಅವರ ವಾದ. ನನಗೂ ಹಾಗೇ ಅನ್ನಿಸುತ್ತದೆ. ಹೊಸ ದೇಶವೊಂದು ತನಗಿಲ್ಲದ ವಯಸ್ಸನ್ನು ಕಲ್ಲಿನಲ್ಲಿ ಸಾಲ ತಂದ ಹಾಗಿದೆ ಇದು.

ಹಾಗಂತ "ನಮ್ಮ ಕೋಟೆಗಳೇ ಅಸಲಿ" ಎಂದು ಮೀಸೆ ತಿರುವಬೇಡಿ. ಮಗಳು ಆ ಪ್ರಶ್ನೆ ಕೇಳಿದ್ದು ಅದು ಎರಡನೇ ಸಲ. ಮೊದಲು ಕೇಳಿದ್ದು ಚಿತ್ರದುರ್ಗದಲ್ಲಿ, ಏಪ್ರಿಲ್ 18ರಂದು. ವಿಶ್ವ ಪರಂಪರೆ ದಿನ, ಕೋಟೆಗೆ ಅವತ್ತು ಟಿಕೆಟ್ ಇಲ್ಲ, ಜನವೋ ಜನ. "ಆಮೇಲೆ ಹೇಳ್ತೀನಿ, ಬಾ" ಅಂತ ಕೈಹಿಡಿದು ಎಳೆದುಕೊಂಡು ಹೋಗಿ ಓಬವ್ವನ ಕಿಂಡಿಯ ಸೆಲ್ಫಿ ಸಾಲಿನಲ್ಲಿ ನಿಂತೆ. ಆಮೇಲೆ ಹೇಳಲಿಲ್ಲ. ನನಗೇ ಗೊತ್ತಿರಲಿಲ್ಲ, ಅಷ್ಟೇ.

ನನ್ನ ಕೆಲಸದಲ್ಲಿ ಚಂದದ ಗ್ರಾಫ್ ಕಂಡರೆ ಮೊದಲು ಕೇಳುವುದು, ಡೇಟಾ ಎಲ್ಲಿಂದ ಬಂತು ಅಂತ. ಕೋಟೆಯ ಮುಂದೆ ಮಾತ್ರ ಆ ಬುದ್ಧಿ ಓಡಲಿಲ್ಲ. ಏಳು ಸುತ್ತಿನ ಗೋಡೆ ಎಷ್ಟೇ ಗಟ್ಟಿಯಿರಲಿ, ಮುತ್ತಿಗೆ ತಿಂಗಳುಗಟ್ಟಲೆ ನಡೆದರೆ ಒಳಗಿದ್ದವರನ್ನು ಉಳಿಸುವುದು ಕಾಳು ಮತ್ತು ನೀರು. ದುರ್ಗದಲ್ಲಿ ಮಳೆನೀರು ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿ, ಅಕ್ಕ ತಂಗಿಯರ ಹೊಂಡಕ್ಕೆ ಇಳಿದು, ಕೊನೆಗೆ ಊರೊಳಗಿನ ಸಂತೆ ಹೊಂಡದ ತನಕ ಬರುವಂತೆ ಏರ್ಪಾಟು ಮಾಡಿದ್ದರು. ಓಬವ್ವನ ಕತೆಯನ್ನೇ ತಗೊಳ್ಳಿ. ಊಟಕ್ಕೆ ಕೂತ ಗಂಡನಿಗೆ ನೀರು ತರಲು ಹೊರಟಿದ್ದಕ್ಕೇ ಅಲ್ಲವೇ, ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರು ಅವಳ ಕಣ್ಣಿಗೆ ಬಿದ್ದದ್ದು? ಒನಕೆ ನಮಗೆಲ್ಲ ನೆನಪಿದೆ. ಕೊಡ ಮರೆತಿದ್ದೇವೆ.

1779ರಲ್ಲಿ ದುರ್ಗ ಹೈದರಾಲಿಯ ವಶವಾಯಿತು. ಹೊಂಡಗಳು ಈಗಲೂ ಇವೆ. ಊರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಿ, ಆದರೆ ಶೌರ್ಯದ ಕತೆಯೊಂದನ್ನೇ ಹೇಳಿ ಮುಗಿಸಬೇಡಿ. ಮೊದಲು ಹೊಂಡದ ದಡದಲ್ಲಿ ಹತ್ತು ನಿಮಿಷ ಕೂರಿಸಿ. ಅವರೇ ಪ್ರಶ್ನೆ ಕೇಳುತ್ತಾರೆ. ಉತ್ತರ ಗೊತ್ತಿಲ್ಲದಿದ್ದರೆ, ದಯವಿಟ್ಟು, "ಆಮೇಲೆ" ಅನ್ನಬೇಡಿ.